ಎತ್ತಿದ ಕೈ ಹಿಡಿದವರು

ಬಹಳ ಹಿಂದೆ, ಬಂಡೆಗಳು ಮಾತಾಡುತ್ತಿದ್ದ ಕಾಲದಲ್ಲಿ, ಹೊಂಗಿರಿ, ನೀಲವಾಡಿ ಎಂಬ ಎರಡು ರಾಜ್ಯಗಳು ಏಳು ವರ್ಷ ಕಾದಾಡಿದವು. ಜಗಳ ತಿಂದು ಬದುಕುವ ಮಾಂತ್ರಿಕ ಉರಿಗಣ್ಣ ಒಂದು ದಿನ ಎರಡೂ ಸೇನೆಗಳನ್ನು ನಿಂತಲ್ಲೇ ಕಲ್ಲಾಗಿಸಿದ. "ನಿಮ್ಮ ರಾಜರು ಕೈಗೆ ಕೈ ಕೊಟ್ಟು ಸಂಧಿ ಮಾಡಿಕೊಂಡರೆ ಇವರಿಗೆ ಜೀವ ಬರುತ್ತದೆ. ಆದರೆ ಎತ್ತಿದ ಕತ್ತಿ ಆ ಕ್ಷಣವೇ ಎದುರಿನವನ ಮೇಲೆ ಬೀಳುತ್ತದೆ!" ಎಂದು ನಕ್ಕು, ಹದ್ದಾಗಿ ರಣರಂಗದ ಮೇಲೆ ಕೂತ. ಹಗೆ ಮುಗಿಯಲೇಬಾರದು ಎಂಬುದು ಅವನ ಆಸೆ.

ಹೊಂಗಿರಿಯ ಕುಂಬಾರಗಿತ್ತಿ ಬೊಮ್ಮಲೆಯ ಗಂಡ ಕೇತಯ್ಯನೂ ಕತ್ತಿ ಎತ್ತಿದಂತೆಯೇ ಕಲ್ಲಾಗಿದ್ದ. ಅವನ ಎದೆಯಿಂದ ಗೇಣು ದೂರದಲ್ಲಿ ನೀಲವಾಡಿಯವನೊಬ್ಬನ ಈಟಿ ಇತ್ತು. ಮಳೆಗೆ ಕಲ್ಲು ಬಿರುಕು ಬಿಡತೊಡಗಿದಾಗ ಬೊಮ್ಮಲೆ ಎರಡೂ ಅರಮನೆಗಳ ಬಾಗಿಲು ಬಡಿದಳು. ಪಾಪ, ಇನ್ನೆಲ್ಲಿಗೆ ಹೋಗಬೇಕು ಅವಳು? ಕೊನೆಗೂ ರಾಜರು ರಣರಂಗದಲ್ಲೇ ಚಪ್ಪರ ಹಾಕಿಸಿ ಮಾತುಕತೆಗೆ ಕೂತರು.

ಮೊದಲ ದಿನ ಹೊಂಗಿರಿಯ ವಜ್ರಬಾಹು, "ಮೊದಲು ನಿಮ್ಮ ಸೇನೆ ಹಿಂದಕ್ಕೆ ಹೋಗಲಿ" ಎಂದ. "ಮೊದಲು ನಿಮ್ಮದು" ಎಂದ ನೀಲವಾಡಿಯ ಸಿಂಹಮಾನ. ಕಲ್ಲಿನ ಸೇನೆ ನಡೆಯುವುದು ಹೇಗೆಂದು ಇಬ್ಬರು ಮಹಾಶಯರಿಗೂ ಹೊಳೆಯಲಿಲ್ಲ.

ಎರಡನೆಯ ದಿನ ಯಾರ ಗಡಿಗೋಡೆ ಎತ್ತರವಿರಬೇಕು ಎಂದು ಸಂಜೆಯವರೆಗೂ ಜಗಳ. ಹದ್ದು ಮೈ ತುಂಬಿಕೊಂಡಿತು.

ಮೂರನೆಯ ದಿನ ವಜ್ರಬಾಹು, "ನಿಮ್ಮವರ ಕೈಗಳನ್ನು ನಮ್ಮವರು ಹಿಡಿದುಕೊಳ್ಳುತ್ತಾರೆ, ಆಮೇಲೆ ಸಂಧಿ" ಎಂದ. "ಹಿಡಿಯೋಕಾ, ಮುರಿಯೋಕಾ?" ಎಂದು ಸಿಂಹಮಾನ ಎದ್ದೇಬಿಟ್ಟ.

ಬೊಮ್ಮಲೆಗೆ ರೇಗಿತು. "ಅಯ್ಯೋ ಒಡೆಯಾ, ನಮ್ ಕೇರೀಲಿ ಹೊಡೆದಾಟ ಆದ್ರೆ ಅವರವರ ಗಂಡಸರನ್ನ ಅವರವರ ಮನೆಯೋರೇ ಹಿಡ್ಕೋತಾರೆ. ನಿಮ್ಮೋರನ್ನ ನೀವು ಹಿಡೀರಿ, ನಮ್ಮೋರನ್ನ ನಾವು ಹಿಡೀತೀವಿ!"

ರಾಜರು ಮುಖ ಮುಖ ನೋಡಿಕೊಂಡು ಡಂಗುರ ಸಾರಿಸಿದರು. ಅವ್ವಂದಿರು, ಹೆಂಡಿರು, ಅಣ್ಣತಮ್ಮಂದಿರು ಬಂದು ತಮ್ಮತಮ್ಮವರ ತೋಳು ತಬ್ಬಿ ನಿಂತರು. ಆ ಈಟಿಯವನಿಗೆ ಮಾತ್ರ ಯಾರೂ ಬರಲಿಲ್ಲ. ಅವನಿಗೆ ಹಿಂದುಮುಂದು ಯಾರೂ ಇರಲಿಲ್ಲ.

ಬೊಮ್ಮಲೆ ಅಳುತ್ತಲೇ ಗಂಡನ ತೋಳು ಬಿಟ್ಟು, ಈಟಿಯವನ ತೋಳನ್ನು ತಬ್ಬಿದಳು.

"ನಿನ್ನ ಗಂಡನ ಕತ್ತಿ ನಿನ್ನ ಮೇಲೇ ಬೀಳುತ್ತಲ್ಲವ್ವಾ?" ಎಂದ ಸಿಂಹಮಾನ.

"ನಿಮ್ಮೋನಿಗೆ ನಾನಿದೀನಿ ಒಡೆಯಾ. ನಮ್ಮೋನಿಗೆ ಯಾರಾದ್ರೂ ಬನ್ನಿ."

ಸಿಂಹಮಾನ ಕಿರೀಟ ಕೆಳಗಿಟ್ಟ. ಬಂದು ಒಂದು ಕೈಯಲ್ಲಿ ಕೇತಯ್ಯನ ತೋಳಿಗೆ ಜೋತುಬಿದ್ದು, ಇನ್ನೊಂದು ಕೈ ಚಾಚಿ, "ಬಾರಯ್ಯ ವಜ್ರಬಾಹು, ಕೈ ಕೊಡು" ಎಂದ.

ವಜ್ರಬಾಹು ಕೊಟ್ಟ. ಕಲ್ಲಿಗೆ ಜೀವ ಬಂತು. ಸಾವಿರಾರು ತೋಳುಗಳು ಜಗ್ಗಾಡಿದವು, ಒಂದು ಕತ್ತಿಯೂ ಬೀಳಲಿಲ್ಲ. ಹದ್ದು ಹೊಟ್ಟೆಗಿಲ್ಲದೆ ಗುಬ್ಬಿಯಷ್ಟಾಗಿ, ಹುಡಿಯಾಗಿ ಗಾಳಿಯಲ್ಲಿ ಹೋಯಿತು.

ಕೇತಯ್ಯ ಕಣ್ಣು ಬಿಟ್ಟರೆ ಶತ್ರುರಾಜ ತನ್ನ ತೋಳಿಗೆ ನೇತಾಡುತ್ತಿದ್ದ. "ಇದೇನೇ ಇದು?" ಎಂದ.

"ಆಮೇಲೆ ಹೇಳ್ತೀನಿ. ಮೊದ್ಲು ಕತ್ತಿ ಕೆಳಗಿಡಿ" ಎಂದಳು ಬೊಮ್ಮಲೆ.

ಆ ಎರಡು ನಾಡುಗಳು ಮತ್ತೆ ಕಾದಾಡಲಿಲ್ಲ, ಜನ ನೆಮ್ಮದಿಯಾಗಿ ಉಂಡು ಬಾಳಿದರು. ಈಟಿಯವನು ಅಂದು ಊಟಕ್ಕೆಂದು ಬೊಮ್ಮಲೆಯ ಮನೆಗೆ ಹೋದವನು ಅಲ್ಲೇ ಉಳಿದ.