ಪೇಟೆ ಬೀದಿಯ ಹೊಟ್ಟೆಕಿಚ್ಚು

"ಕಾಲು ಸ್ವಲ್ಪ ತೆಗೀರಿ."

ಕಸ್ತೂರಿ ಬೆಚ್ಚಿಬಿದ್ದಳು!

ದಾವಣಗೆರೆಯ ಪೇಟೆ ಬೀದಿಯಲ್ಲಿ ಅವಳಪ್ಪ ನಾಗರಾಜಪ್ಪನವರ ಬಟ್ಟೆ ಅಂಗಡಿ. ಅದರ ಮುಂದಿನ ಕಲ್ಲುಕಟ್ಟೆಯ ಮೇಲೆ ಕುಳಿತು ಅವಳು ಹೊಸ ಸೀರೆಗಳನ್ನು ಮಡಿಸುತ್ತಿದ್ದಳು. ಬೀದಿಯಲ್ಲಿ ನಿಂತ ಅಪರಿಚಿತ ಯುವಕನೊಬ್ಬ ಬಾಗಿ, ಕಟ್ಟೆಯ ಮೇಲೆಯೇ ಸುಣ್ಣದ ಗೆರೆ ಎಳೆಯುತ್ತಿದ್ದ. ಗೆರೆ ಅವಳ ಪಾದದ ಬಳಿ ಬಂದು ನಿಂತಿತ್ತು.

"ಯಾರ್ರಿ ನೀವು? ನಮ್ಮ ಕಟ್ಟೆ ಮೇಲೆ ಯಾಕ ಗೆರೆ ಎಳೀತಿದ್ದೀರಿ?"

"ಪುರಸಭೆ ಓವರ್ಸಿಯರ್ ರೀ, ಕರಿಬಸವರಾಜ ಅಂತ. ಈ ಗೆರೆಯಿಂದ ಈಚೆಗಿರೋದು ನಿಮ್ಮ ಕಟ್ಟೆ ಅಲ್ಲ... ಜನ ನಡೆಯೋ ದಾರಿ."

"ಅಂದ್ರೆ ಒಡೀತೀರಾ?"

"ಅರ್ಧ."

ಎಷ್ಟು ಸಲೀಸಾಗಿ ಹೇಳಿಬಿಟ್ಟ! ಅವಳು ಕಾಲು ತೆಗೆಯಲಿಲ್ಲ. ಅವನು ಜಗಳವಾಡಲಿಲ್ಲ. ಪಾದದ ಸುತ್ತ ಬಳಸಿ ಗೆರೆ ಎಳೆದು ಮುಂದೆ ಹೋದ. ಪಕ್ಕದ ಬಳೆ ಅಂಗಡಿಯ ಮಸ್ತಾನಸಾಬರು ಕಿಸಕ್ಕನೆ ನಕ್ಕರು. ಕಸ್ತೂರಿಯ ಕೆನ್ನೆ ಕೆಂಪಾಯಿತು... ಸಿಟ್ಟಿಗೋ, ಇನ್ನೇತಕ್ಕೋ!

ಅದು ೧೯೫೮ರ ಹತ್ತಿ ಸುಗ್ಗಿ. ಹತ್ತಿಯ ಅಂಡಿಗೆ ಹೊತ್ತ ಗಾಡಿಗಳು, ಗಿರಣಿಯ ಲಾರಿಗಳು ಪೇಟೆಗೆ ನುಗ್ಗಿದರೆ ಮನುಷ್ಯರಿಗೆ ಕಾಲಿಡಲು ಜಾಗವಿರುತ್ತಿರಲಿಲ್ಲ. ಹಗಲು ಹೊತ್ತಿನಲ್ಲಿ ಗಾಡಿ, ಲಾರಿ ಪೇಟೆಗೆ ಬರಬಾರದು. ಕಟ್ಟೆಗಳನ್ನು ಕತ್ತರಿಸಿ ಕಾಲುದಾರಿ ಮಾಡಬೇಕು. ಹರಿಹರದ ಬಸ್ಸು ಪೇಟೆಯ ಬಾಯಿಗೇ ಬಂದು ನಿಲ್ಲಬೇಕು. ಇದು ಕರಿಬಸವರಾಜ ಹಾಕಿಕೊಂಡ ಯೋಜನೆ. ಅಂಗಡಿಯವರು ಒಪ್ಪದೆ ಪುರಸಭೆ ಮುಂದುವರಿಯುವಂತಿರಲಿಲ್ಲ. ಎಲ್ಲರೂ ನಾಗರಾಜಪ್ಪನವರ ಮುಖ ನೋಡುತ್ತಿದ್ದರು.

ಹಾಗಾಗಿ ಅವನು ಮತ್ತೆ ಮತ್ತೆ ಅಂಗಡಿಗೆ ಬಂದ. ಅಪ್ಪ ವಾದ ಮಾಡಿ ಸುಸ್ತಾಗಿ "ಕಸ್ತೂರಿ, ಚಾ ತಾ" ಎನ್ನುತ್ತಿದ್ದರು.

ಒಂದು ದಿನ ಚಾ ಲೋಟ ತೆಗೆದುಕೊಳ್ಳುತ್ತಾ ಅವನು ಕೇಳಿದ.

"ನೀವು ಈ ಬೀದೀಲಿ ಹೆಂಗೆ ಓಡಾಡ್ತೀರಿ?"

ಇಪ್ಪತ್ತೊಂದು ವರ್ಷದಲ್ಲಿ ಯಾರೂ ಅವಳನ್ನು ಹೀಗೆ ಕೇಳಿರಲಿಲ್ಲ.

"ಓಡಾಡಲ್ಲ ರೀ" ಎಂದಳು ಮೆಲ್ಲಗೆ. "ಸುಗ್ಗಿ ಬಂದ್ರೆ ಹೆಣ್ಮಕ್ಕಳೆಲ್ಲ ಹಿಂದಿನ ಸಂದೀಲಿ ಹೋಗ್ತೀವಿ. ಕೊಚ್ಚೆ ತುಳ್ಕೊಂಡು. ಇಲ್ಲಿ ಗಾಲಿಗಿಂತ ಗಂಡಸರ ಮೊಣಕೈ ಕಾಟ ಜಾಸ್ತಿ."

ಅವನು ನಗಲಿಲ್ಲ. ಚಾ ಆರುವವರೆಗೂ ಕೇಳಿಸಿಕೊಂಡ. ಮರುದಿನವೇ ಬಂದು, "ನಕ್ಷೇಲಿ ಕಾಲುದಾರಿ ಇನ್ನೊಂದು ಅಡಿ ಅಗಲ ಮಾಡಿದೆ. ನಿಮ್ಮ ಮಾತಿಗೆ" ಎಂದ.

ನಿಮ್ಮ ಮಾತಿಗೆ!

ಆ ದಿನದಿಂದ ಕಸ್ತೂರಿಯೇ ಅಪ್ಪನನ್ನು ಕಾಡತೊಡಗಿದಳು. "ಒಪ್ಕೊಳ್ಳಪ್ಪಾ, ಜನ ನಡೆದು ಬಂದ್ರೆ ತಾನೇ ವ್ಯಾಪಾರ?" ನಾಗರಾಜಪ್ಪನವರು ಸ್ವಲ್ಪ ಸ್ವಲ್ಪವೇ ಮೆತ್ತಗಾಗುತ್ತಿದ್ದರು.

ಅಷ್ಟರಲ್ಲಿ ಪೇಟೆಗೆ ಆ ಸೈಕಲ್ಲು ಬಂತು.

ಶಾಂತಕುಮಾರಿ, ಹೆರಿಗೆ ನರ್ಸು. ಹರಿಹರದಿಂದ ದಿನಾ ಬಸ್ಸಿಗೆ ಬಂದು, ಆಸ್ಪತ್ರೆಯಲ್ಲಿಟ್ಟ ಸೈಕಲ್ಲು ಹತ್ತಿ ಮನೆಮನೆಗೆ ಹೋಗುವವಳು. ಬಿಳಿ ಸೀರೆ, ನೆಟ್ಟಗಿನ ಬೆನ್ನು, ಯಾರಿಗೂ ತಗ್ಗದ ಕಣ್ಣು. ಅಂದು ಎರಡು ಗಾಡಿಗಳ ನಡುವೆ ಸಿಕ್ಕಿಕೊಂಡು ಇಳಿದು ನಿಂತಿದ್ದಳು. ಕರಿಬಸವರಾಜ ಓಡಿಹೋಗಿ ಅವಳ ಸೈಕಲ್ಲನ್ನು ಎತ್ತಿ ಈಚೆ ತಂದ. ಕಸ್ತೂರಿಯ ಕಟ್ಟೆಯ ಮುಂದೆಯೇ ನಿಲ್ಲಿಸಿದ.

ಮತ್ತೆ ಕೇಳಿದ...

"ನೀವು ಈ ಬೀದೀಲಿ ಹೆಂಗೆ ಓಡಾಡ್ತೀರಿ?"

ಅದೇ ಮಾತು! ಅದೇ ದನಿ!

ಕಸ್ತೂರಿಯ ಕೈಯಲ್ಲಿದ್ದ ಸೀರೆ ಜಾರಿತು. 'ಆ ಮಾತು ನನ್ನದಲ್ಲವೇ? ನನಗೆ ಮಾತ್ರ ಕೇಳಿದ್ದಲ್ಲವೇ?'

ಆಮೇಲೆ ಅವಳ ಕಣ್ಣಿಗೆ ಬೇರೇನೂ ಕಾಣಲಿಲ್ಲ. ಸಂಜೆ ಅವರಿಬ್ಬರೂ ಬೀದಿಯುದ್ದಕ್ಕೂ ನಡೆಯುತ್ತಾ, ಅಲ್ಲಲ್ಲಿ ನಿಂತು ಕೈತೋರಿಸಿ ಮಾತಾಡುತ್ತಿದ್ದರು. ಶಾಂತಕುಮಾರಿ ಏನೋ ಹೇಳಿ ನಗುವಳು. ಅವನೂ ನಗುವನು. 'ನನ್ನ ಜೊತೆ ಒಂದು ದಿನವಾದರೂ ಹಾಗೆ ನಕ್ಕಿದ್ದಾನಾ?' ಸೈಕಲ್ಲಿನ ಗಂಟೆ ಕೇಳಿದರೆ ಸಾಕು, ಎದೆಯಲ್ಲಿ ಕೆಂಡ ಬಿದ್ದಂತಾಗುತ್ತಿತ್ತು. ಅವನು ಚಾಗೆ ಬಂದರೆ ಕಸ್ತೂರಿ ತಾಯಿಯ ಕೈಯಲ್ಲಿ ಲೋಟ ಕಳಿಸುತ್ತಿದ್ದಳು.

"ಕಸ್ತೂರಿಯವರಿಗೆ ಹುಷಾರಿಲ್ವಾ?" ಎಂದು ಅವನು ಕೇಳಿದ್ದು ಬಾಗಿಲ ಹಿಂದೆ ನಿಂತಿದ್ದ ಅವಳಿಗೆ ಕೇಳಿಸಿತು. ಹೊರಗೆ ಬರಲಿಲ್ಲ.

ಕೊನೆಗೂ ಅಂಗಡಿಯವರೆಲ್ಲ ನಾಗರಾಜಪ್ಪನವರ ಅಂಗಡಿಯಲ್ಲಿ ತೀರ್ಮಾನಕ್ಕೆ ಸೇರಿದರು. ಅಪ್ಪ ಇನ್ನೇನು "ಆಗಲಿ" ಎನ್ನಬೇಕು...

"ಆಗಲಿ ಅನ್ನಬ್ಯಾಡಪ್ಪಾ!" ಕಸ್ತೂರಿಯ ಬಾಯಿಂದ ಮಾತು ಹಾರಿಯೇ ಹೋಯಿತು. "ದಾರಿ ಊರಿಗಲ್ಲ, ಆ ನರ್ಸಮ್ಮನ ಸೈಕಲ್ಲಿಗೆ! ಸಂಜೆ ಸಂಜೆ ಇಬ್ಬರೂ ತಿರುಗೋದು ಯಾರಿಗೆ ಕಾಣಲ್ಲ?"

ಯಾರೋ ಸಿಳ್ಳೆ ಹಾಕಿದರು.

ಆ ಮಾತಿಗೆ ಕಾಲು ಬಂತು. ಎರಡೇ ದಿನದಲ್ಲಿ ಇಡೀ ಪೇಟೆ ಸುತ್ತಿತು. ಗಾಡಿಯವರು ಶಾಂತಕುಮಾರಿಯನ್ನು ಕಂಡರೆ "ಓವರ್ಸಿಯರಮ್ಮನಿಗೆ ರಸ್ತೆ ಬಿಡ್ರೋ!" ಎಂದು ಕೂಗತೊಡಗಿದರು. ಕರಿಬಸವರಾಜ ತಾನೇ ಕೇಳಿಕೊಂಡು ಹರಿಹರದ ರಸ್ತೆ ಕೆಲಸಕ್ಕೆ ಹೊರಟುಹೋದ. ಯೋಜನೆ ನಿಂತಿತು. ಸೈಕಲ್ಲಿನ ಗಂಟೆಯೂ ನಿಂತಿತು.

ಗೆದ್ದಿದ್ದಳಲ್ಲ! ಆದರೂ ಕಣ್ಣು ಮತ್ತೆ ಮತ್ತೆ ಕಟ್ಟೆಯ ಮೇಲಿನ ಸುಣ್ಣದ ಗೆರೆಗೇ ಹೋಗುತ್ತಿತ್ತು...

ಒಂದು ಮಧ್ಯಾಹ್ನ ಶಾಂತಕುಮಾರಿ ನಡೆದುಕೊಂಡೇ ಬಂದಳು. ಸೀರೆಯ ಅಂಚಿಗೆ ಸಂದಿಯ ಕೊಚ್ಚೆ ಮೆತ್ತಿತ್ತು.

"ಕಸ್ತೂರಿ ನೀನೇ ಏನಮ್ಮಾ?"

ಕಟ್ಟೆಯ ಮೇಲೆ ಕುಳಿತಿದ್ದ ಕಸ್ತೂರಿ ಕೈಯಲ್ಲಿದ್ದ ಸೀರೆಯನ್ನು ಬದಿಗಿಟ್ಟಳು.

"ನಿನ್ನೆ ನಿಟ್ಟುವಳ್ಳೀಲಿ ಹೆರಿಗೆ ಇತ್ತು. ಸಂದಿ ಹಿಡಿದು ನಡೆದು ಹೋದೆ, ತಡ ಆಯ್ತು. ತಾಯಿ ಉಳಿದಳು. ಕೂಸು ಉಳೀಲಿಲ್ಲ. ಸೈಕಲ್ಲಲ್ಲಿ ಹೋಗಿದ್ರೆ ಉಳೀತಿತ್ತಾ? ನಂಗೂ ಗೊತ್ತಿಲ್ಲ. ಆದ್ರೆ ಸೈಕಲ್ಲು ಹತ್ತೋಕೆ ನಾಚಿಕೆ ಆಗಂಗೆ ಮಾಡಿದ್ದು ನಿನ್ನ ಮಾತು."

"ಅಕ್ಕಾ..."

"ನಿಜಾನೂ ಹೇಳ್ತೀನಿ ಕೇಳು. ನನಗೆ ಅವರು ಇಷ್ಟ ಆಗಿದ್ರು. ಬಾಯಿಬಿಟ್ಟು ಕೇಳಿದೆ. 'ನನ್ನ ಮನಸ್ಸು ಬಟ್ಟೆ ಅಂಗಡಿ ಕಟ್ಟೆ ಮೇಲೈತೆ ಸಿಸ್ಟರ್' ಅಂದುಬಿಟ್ರು." ಶಾಂತಕುಮಾರಿ ಸೀರೆಯ ಅಂಚಿನ ಕೊಚ್ಚೆ ಕೊಡವಿದಳು. "ಹೊಟ್ಟೆಕಿಚ್ಚು ನಿನಗೊಬ್ಬಳಿಗೇ ಇರೋದಾ? ನಂಗೂ ನಿನ್ನ ಕಂಡ್ರೆ ಉರೀತಿತ್ತು. ಆದ್ರೆ ನಾನು ಪೇಟೇಲಿ ನಿಂತು ನಿನ್ನ ಮಾನ ಕಳೀಲಿಲ್ಲ."

'ನನ್ನ ಮೇಲೆ ಮನಸ್ಸಿಟ್ಟವನನ್ನು ನಾನೇ ಊರು ಬಿಡಿಸಿದೆನಾ? ಈ ಹೆಂಗಸಿಗೆ ನಾನು ಏನು ಮಾಡಿಬಿಟ್ಟೆ?'

ಕಸ್ತೂರಿ ಕಟ್ಟೆಯಿಂದ ಎದ್ದಳು. ಶಾಂತಕುಮಾರಿಯ ಕೈ ಹಿಡಿದು ಅಂಗಡಿಯೊಳಗೆ ಕರೆದೊಯ್ದಳು. ಗಿರಾಕಿಗಳಿದ್ದರು, ಮಸ್ತಾನಸಾಬರಿದ್ದರು, ನಾಲ್ಕಾರು ಅಂಗಡಿಯವರೂ ಇದ್ದರು.

"ಅಪ್ಪಾ, ಅವತ್ತು ನಾನು ಆಡಿದ್ದು ಸುಳ್ಳು. ಹೊಟ್ಟೆಕಿಚ್ಚಿಗೆ ಆಡಿದೆ. ನನಗೆ ಓವರ್ಸಿಯರ್ ಮೇಲೆ ಮನಸ್ಸಾಗಿತ್ತು... ಅದಕ್ಕೇ. ಈ ಅಕ್ಕನದು ಏನೂ ತಪ್ಪಿಲ್ಲ."

ನಾಗರಾಜಪ್ಪನವರ ಮುಖ ಕಪ್ಪಿಟ್ಟಿತು. ಆಮೇಲೆ ಶಾಂತಕುಮಾರಿಗೆ ಕೈಮುಗಿದರು.

"ಹೆಣ್ಣುಮಗಳ ಮಾನ ತೆಗೆದು ನಾಲ್ಕಡಿ ಕಲ್ಲು ಉಳಿಸ್ಕೊಬೇಕಾ ನಾನು? ಕ್ಷಮಿಸಮ್ಮಾ. ಮೊದಲು ನನ್ನ ಕಟ್ಟೆನೇ ಒಡೀಲಿ."

"ನಂದೂ ಒಡೀರಿ!" ಎಂದರು ಮಸ್ತಾನಸಾಬರು.

ಅಪ್ಪ ಮಗಳತ್ತ ತಿರುಗಿದರು. "ನೀನೇ ಆಡಿದ ಮಾತು. ಹರಿಹರಕ್ಕೆ ಹೋಗಿ ನೀನೇ ಹೇಳಿ ಬಾ."

ಬಸ್ಸಿನಲ್ಲಿ ಕಸ್ತೂರಿ, ಊರಿಗೆ ಮರಳುತ್ತಿದ್ದ ಶಾಂತಕುಮಾರಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತರು. ಹರಿಹರದಲ್ಲಿ ಇಳಿದಾಗ ಶಾಂತಕುಮಾರಿ ಹೊಳೆಯ ಕಡೆ ಕೈತೋರಿಸಿದಳು. "ಅಲ್ಲಿ ಜಲ್ಲಿ ಹಾಕಿಸ್ತಿದ್ದಾರೆ. ನಾನು ಬರಲ್ಲ. ಅಷ್ಟು ದೊಡ್ಡ ಮನಸ್ಸು ನಂಗಿಲ್ಲ." ಹಿಂತಿರುಗಿ ನೋಡದೆ ಹೊರಟುಹೋದಳು.

ಕರಿಬಸವರಾಜ ಬಿಸಿಲಿಗೆ ಕಪ್ಪಾಗಿದ್ದ. ಕಸ್ತೂರಿಯನ್ನು ಕಂಡು ಮುಖ ಗಂಟಿಕ್ಕಿದ.

"ನನಗೆ ಏನು ಬೇಕಾದ್ರೂ ಅನ್ನಬಹುದಿತ್ತು. ಅವರನ್ನ ಯಾಕ ಎಳೆದ್ರಿ?"

"ಹೊಟ್ಟೆಕಿಚ್ಚಿಗೆ ರೀ. ಪೇಟೆ ಮುಂದೆನೇ ಒಪ್ಕೊಂಡು ಬಂದೀನಿ. ಅಪ್ಪ ಕಟ್ಟೆ ಒಡೀರಿ ಅಂದ್ರು." ಕಣ್ಣು ತುಂಬಿ ಬಂತು. "ನನ್ನ ಕೇಳಿದ ಮಾತನ್ನೇ ನೀವು ಅವರನ್ನೂ ಕೇಳಿದ್ರಿ..."

"ಅದನ್ನ ಊರಿಗೆಲ್ಲ ಕೇಳಿದೀನಿ! ಮಸ್ತಾನಸಾಬರ ಅತ್ತೆಗೂ ಕೇಳಿದೀನಿ. ಅದು ನನ್ನ ಕೆಲಸ ಕಣ್ರಿ!"

"ನನಗೊಬ್ಬಳಿಗೇ ಕೇಳೋ ಮಾತು ಯಾವುದೂ ಇಲ್ವಾ?"

ಅವನ ಸಿಟ್ಟು ಇಳಿಯಿತು. "ಐತೆ... ಆದ್ರೆ ನೀವು ಬಾಗಿಲ ಹಿಂದೆ ಹೋಗಿ ನಿಂತುಬಿಟ್ರಿ."

"ಈಗ ಮುಂದೆನೇ ನಿಂತೀನಲ್ಲ. ಕೇಳ್ರಿ."

"ನನ್ನ ಮದುವೆ ಆಗ್ತೀಯಾ, ಕಸ್ತೂರಿ?"

ಅವಳು ಅಳುತ್ತಲೇ ತಲೆಯಾಡಿಸಿದಳು.

ಮುಂದಿನ ಸುಗ್ಗಿಯ ಹೊತ್ತಿಗೆ ಹಗಲಿನಲ್ಲಿ ಪೇಟೆಗೆ ಗಾಡಿ ಬರುತ್ತಿರಲಿಲ್ಲ. ಬಸ್ಸಿಳಿದ ಹೆಂಗಸರು ಗುಂಪು ಗುಂಪಾಗಿ ನಡುಬೀದಿಯಲ್ಲೇ ಹರಟುತ್ತಾ ಬರುತ್ತಿದ್ದರು. ಹೊಸದಾಗಿ ಮದುವೆಯಾದ ಕಸ್ತೂರಿಯೂ ಒಂದು ಸಂಜೆ ಗಂಡನ ಜೊತೆ ನಡೆಯುತ್ತಿದ್ದಳು. ಶಾಂತಕುಮಾರಿ ಸೈಕಲ್ಲಿನ ಮೇಲೆ ಭರ್ರನೆ ದಾಟಿಹೋದಳು. ಅವನು ಕೈಯೆತ್ತಿದ.

"ಕೈ ಯಾಕ ಎತ್ತಿದ್ರಿ?"

"ನಮಸ್ಕಾರಕ್ಕೆ ಕಣೇ!"

"ಅಷ್ಟು ಮೇಲಕ್ಕೆ ಬ್ಯಾಡ."

ಅವನು ನಕ್ಕ. ಎತ್ತಿದ ಕೈಯನ್ನು ಇಳಿಸಿ, ಎಲ್ಲರೂ ನೋಡುತ್ತಿರುವಾಗಲೇ ಅವಳ ಬೆರಳು ಹಿಡಿದ.

"ಇಲ್ಲಿದ್ರೆ ಪರವಾಗಿಲ್ವಾ?"

"ಇರ್ಲಿ ಬಿಡ್ರಿ... ಮೆಲ್ಲಗೆ ನಡೀರಿ."