ಬಾಗಿಲು ಹಾಕಿದವರು ಎಷ್ಟು ಜನ?

"ಸೈನ್ ಹಾಕು! ಇಲ್ಲಾಂದ್ರೆ ಕೈ ಮುರೀತೀನಿ!"

ಮೆಟ್ಟಿಲ ಮೇಲೆ ಬಿಲ್ಡರ್ ಕಳಿಸಿದ ದಾಂಡಿಗ ನನ್ನ ಕಾಲರ್ ಹಿಡಿದಿದ್ದ. ತುಟಿ ಒಡೆದು ರಕ್ತ ಸುರಿಯುತ್ತಿತ್ತು. ನೋವು ಗೊತ್ತಾಗಲಿಲ್ಲ. ಈ ಪತ್ತೇದಾರಿಕೆಗೆ ಇಳಿದ ಮೇಲೆ ನನಗೆ ಏನೂ ಗೊತ್ತಾಗುವುದಿಲ್ಲ ಬಿಡಿ.

ವಿಷಯ ಇಷ್ಟೇ ಸ್ವಾಮಿ. ಈ ಹಳೇ ಗಿರಣಿ ಕಟ್ಟಡದ ತುಂಬ ಪುಟಾಣಿ ಸ್ಟಾರ್ಟಪ್‌ಗಳು. ಒಂದು ನನ್ನ ತಂಗಿಯದು. ಕೈ ಕಳೆದುಕೊಂಡವರಿಗೆ ಕೃತಕ ಕೈ ಮಾಡುತ್ತಾಳೆ. ಇವೆಲ್ಲ ಇಲ್ಲಿ ಹೇಗೆ ಬೆಳೆಯುತ್ತಿವೆ, ನಿಜವಾಗಲೂ ಬೆಳೆಯುತ್ತಿವೆಯೇ ಪತ್ತೆ ಮಾಡು ಅಂತ ನಗರಸಭೆ ನನ್ನನ್ನು ನೇಮಿಸಿತ್ತು. 'ಇಲ್ಲ' ಅಂತ ನಾನು ಬರೆದರೆ ಕಟ್ಟಡ ಬಿಲ್ಡರ್ ಪಾಲು.

ತಂಗಿ ಬೀದಿಪಾಲು!

ಕೆಳಗೆ ಕ್ಯಾಂಟೀನಿನಲ್ಲೇ ಕೂತು ಎಲ್ಲರಿಗೂ ಒಂದೇ ಪ್ರಶ್ನೆ ಹಾಕಿದ್ದೆ.

"ಇಲ್ಲಿ ಬಾಗಿಲು ಹಾಕಿದವರು ಎಷ್ಟು ಜನ?"

"ಯಾರೂ ಇಲ್ಲ ಸಾರ್."

ಸುಳ್ಳು! ಅರ್ಧಕ್ಕರ್ಧ ಮುಳುಗುವ ವ್ಯಾಪಾರ ಇದು. ನನ್ನ ಕಿವಿ ಮೇಲೆ ಹೂವಿಡುತ್ತಿದ್ದಾರೆ ಅಂದುಕೊಂಡೆ. 'ಬೆಳೆಯುತ್ತಿಲ್ಲ, ನಂಬಲು ಅರ್ಹರಲ್ಲ' ಅಂತ ರಿಪೋರ್ಟ್ ಬರೆದೂಬಿಟ್ಟೆ. ಸೈನ್ ಹಾಕಲು ಮಾತ್ರ ಕೈ ಬರಲಿಲ್ಲ... ತಂಗಿಯನ್ನೇ ಕೇಳೋಣ ಅಂತ ಇವತ್ತು ಮೊದಲ ಸಲ ಮೆಟ್ಟಿಲು ಹತ್ತಿದ್ದೆ. ರಿಪೋರ್ಟಿನ ಸುದ್ದಿ ಬಿಲ್ಡರ್ ಕಿವಿಗೆ ಬಿದ್ದಿತ್ತು, ಸೈನ್ ಹಾಕಿಸಲು ದಾಂಡಿಗ ಹಿಂದೆಯೇ ಬಂದಿದ್ದ.

ಕೊಸರಿಕೊಂಡೆ. ಓಡಿದೆ. ಎದುರಿಗೇ ತಂಗಿಯ ರೂಮು. ನುಗ್ಗಿ ಚಿಲಕ ಹಾಕಲು ತಿರುಗಿದರೆ...

ಬಾಗಿಲೇ ಇಲ್ಲ! ಬರೀ ಚೌಕಟ್ಟು!

"ಬಾಗಿಲೆಲ್ಲೇ?" ಕಿರುಚಿದೆ.

"ಎಲ್ಲರದ್ದೂ ಕಿತ್ತು ಹಾಕಿದೀವಲ್ಲ ಅಣ್ಣ! ಬಾಗಿಲು ಹಾಕ್ಕೊಂಡು ಕೂತ್ರೆ ಒಬ್ಬರ ಕಷ್ಟ ಇನ್ನೊಬ್ಬರಿಗೆ ಹೇಗೆ ಗೊತ್ತಾಗುತ್ತೆ?"

"ಮುಳುಗಿದವರು?"

"ಪಕ್ಕದ ರೂಮಿಗೆ ಹೋಗಿ ಕೆಲಸ ಶುರು ಮಾಡ್ತಾರೆ. ನನ್ನ ಕೃತಕ ಕೈಯ ಮೋಟಾರ್ ಸರಿ ಮಾಡಿದ್ದು ಯಾರು ಅಂದ್ಕೊಂಡೆ? ಡ್ರೋನ್ ಮಾಡೋಕೆ ಹೋಗಿ ಮುಳುಗಿದೋನು!"

ಥೂ ನನ್ನ! ನಾನು ಕೇಳಿದ್ದು ಕಂಪನಿಯ ಬಾಗಿಲು. ಅವರು ಹೇಳಿದ್ದು ರೂಮಿನ ಬಾಗಿಲು. ಇವರು ಗೆಲ್ಲುವ ಗುಟ್ಟನ್ನೇ ಬಾಯಿಬಿಟ್ಟು ಹೇಳಿದ್ದರು, ನಾನು ಸುಳ್ಳು ಅಂತ ಬರೆದಿದ್ದೆ.

ದಾಂಡಿಗ ಒಳಗೆ ನುಗ್ಗಿದ. ಮತ್ತೆ ನನ್ನ ಕಾಲರ್ ಹಿಡಿದ.

"ಯಾರಾದ್ರೂ ಬನ್ರೋ!" ತಂಗಿ ಕೂಗಿದಳು.

ಎಲ್ಲ ರೂಮಿನಿಂದಲೂ ಬಂದರು. ಸ್ಕ್ರೂಡ್ರೈವರ್, ಕೀಬೋರ್ಡ್, ಕೈಗೆ ಸಿಕ್ಕಿದ್ದನ್ನು ಹಿಡಿದು ಬಂದರು. ದಾಂಡಿಗ ಕಾಲಿಗೆ ಬುದ್ಧಿ ಹೇಳಿದ.

ರಿಪೋರ್ಟ್ ಹರಿದೆ. ಹೊಸದು ಬರೆದು ಸೈನ್ ಹಾಕಿದೆ. ಕಟ್ಟಡ ಉಳಿಯಿತು. ತಂಗಿ ನನ್ನ ಕೈ ಹಿಡಿದುಕೊಂಡು ಅತ್ತಳು. ನನಗೂ ಅಳು ಬರಬೇಕಿತ್ತು... ಬರಲಿಲ್ಲ.

ಊರಲ್ಲಿ ಯಾರೂ ನನಗೆ ಕೆಲಸ ಕೊಡದಂತೆ ಬಿಲ್ಡರ್ ನೋಡಿಕೊಂಡ. "ಇಲ್ಲೇ ಏನಾದ್ರೂ ಶುರು ಮಾಡು ಅಣ್ಣ" ಅಂತ ತಂಗಿ ಒಂದು ಕುರ್ಚಿ ಕೊಟ್ಟಿದ್ದಾಳೆ.

ಈಗ ನಾನೂ ಒಂದು ಸ್ಟಾರ್ಟಪ್ಪೇ ಸ್ವಾಮಿ... ಶುರುವಾಗುವ ಮುಂಚೆಯೇ ಮುಳುಗಿದ್ದು!