ಮೂಕಚಿತ್ರದ ಮಾತು ಕಳುವಾದ ಪ್ರಕರಣ

೧೯೧೩ರ ಅಕ್ಟೋಬರ್ ೧೧, ಶನಿವಾರ ಬೆಳಿಗ್ಗೆ. ರಾಟರ್‌ಡ್ಯಾಮ್ ಬಂದರಿನ ಪೊಲೀಸ್ ಠಾಣೆಗೆ ಚಿತ್ರಮಂದಿರದ ಮಾಲೀಕ ಲ್ಯಾಂಬರ್ಟ್ ಕೂಲ್ಸ್ ಹ್ಯಾಟನ್ನು ಕೈಯಲ್ಲಿ ಹಿಂಡಿಕೊಂಡು ಬಂದ.

"ಕಳುವಾಗಿದೆ ಸಾಹೇಬ್ರೆ. ನಮ್ಮ ಚಿತ್ರದ ಮಾತು."

ಇನ್‌ಸ್ಪೆಕ್ಟರ್ ವೀಬೆ ಹೂಕ್‌ಸೆಮಾ ಲೇಖನಿ ಕೆಳಗಿಟ್ಟ. "ನೀವು ತೋರಿಸೋದು ಮೂಕಚಿತ್ರ ಅಲ್ವೇನ್ರೀ?"

"ಹೌದು. ಮೂಕಚಿತ್ರದ ಮಾತೇ ಕಳುವಾಗಿರೋದು."

ಪೇದೆ ತ್ಯೂನಿಸ್ ಪ್ಲಾಂಪ್ ಕಿಸಕ್ಕನೆ ನಕ್ಕು, ಸಾಹೇಬರ ಮುಖ ನೋಡಿ ಅದನ್ನು ಕೆಮ್ಮಾಗಿ ಬದಲಾಯಿಸಿದ.

ದೂರು ಹೀಗಿತ್ತು. ಬ್ರಸೆಲ್ಸ್‌ನಿಂದ ಬಾಡಿಗೆಗೆ ತರಿಸಿದ ಹೊಸ ಚಿತ್ರ ಗುರುವಾರ ಬಂದಿತ್ತು. ಮೊಹರು ಒಡೆದು ಡಬ್ಬಿಗಳನ್ನು ಯಂತ್ರದ ಕೋಣೆಯಲ್ಲಿ ಇಟ್ಟಿದ್ದರು. ಶುಕ್ರವಾರ ಮೊದಲ ಪ್ರದರ್ಶನದಲ್ಲಿ ನೋಡಿದರೆ ಚಿತ್ರವೆಲ್ಲ ಇದೆ, ಪಾತ್ರಗಳ ಮಾತು ತಿಳಿಸಲು ನಡುನಡುವೆ ಪರದೆಯ ಮೇಲೆ ಮೂಡಬೇಕಾದ ಡಚ್ ಅಕ್ಷರಗಳು ಮಾತ್ರ ಒಂದೂ ಇಲ್ಲ. ಯಾರೋ ಆ ತುಂಡುಗಳನ್ನಷ್ಟೇ ಕತ್ತರಿಸಿ ಒಯ್ದಿದ್ದಾರೆ.

"ಮುಂದಿನ ಶುಕ್ರವಾರ ಇದೇ ಚಿತ್ರ ಡಾರ್ಡ್ರೆಕ್ಟ್ ಊರಿಗೆ ಹೋಗಬೇಕು ಸಾಹೇಬ್ರೆ. ಹೀಗೇ ಕಳಿಸಿದರೆ ಬ್ರಸೆಲ್ಸ್‌ನವರು ನನಗೆ ಇನ್ನೊಂದು ಚಿತ್ರ ಕೊಡಲ್ಲ. ಬಾಗಿಲು ಹಾಕಿಕೊಳ್ಳೋದೇ."

"ನಿನ್ನೆ ಪ್ರದರ್ಶನ ನಿಂತುಹೋಯ್ತಾ?"

"ಇಲ್ಲ. ನಮ್ಮ ಬಾರೆಂಡ್ ಶೌಟೆನ್ ಮಾನ ಉಳಿಸಿದ."

ಬಾರೆಂಡ್ ಯಾರೆಂದು ಬಂದರಿನಲ್ಲಿ ಯಾರಿಗೂ ಹೇಳಬೇಕಿರಲಿಲ್ಲ. ಪರದೆಯ ಪಕ್ಕ ಕೋಲು ಹಿಡಿದು ನಿಂತು ರಾಜಕುಮಾರಿಗೂ ಕಟುಕನಿಗೂ ಕುದುರೆಗೂ ತಾನೇ ದನಿ ಕೊಡುವ ವಿವರಣೆಗಾರ. ಅಕ್ಷರಗಳಿರುವ ಚಿತ್ರಕ್ಕೆ ಅವನು ಬೇಡವೆಂದು ಕೂಲ್ಸ್ ಅವನನ್ನು ಬಾಗಿಲಲ್ಲಿ ಟಿಕೆಟ್ ಹರಿಯಲು ನಿಲ್ಲಿಸಿದ್ದ. ಶುಕ್ರವಾರ ಜನ ಕೂಗಾಡಿದಾಗ ಅದೇ ಕೂಲ್ಸ್ ಓಡಿಹೋಗಿ ಅವನ ಕೈಗೆ ಕೋಲು ಕೊಟ್ಟಿದ್ದ.

ಹತ್ತೂವರೆಗೆ ಹೂಕ್‌ಸೆಮಾ ಚಿತ್ರಮಂದಿರ ತಲುಪಿದ. ಹೊರಗೋಡೆಯ ಮೇಲೆ ಬ್ರಸೆಲ್ಸ್‌ನಿಂದ ಬಂದ ಬಣ್ಣದ ಪೋಸ್ಟರ್. ಬೋರಲು ಬಿದ್ದು ಅಳುವ ಹೆಂಗಸು, ದೂರ ಹೋಗುವ ಹಡಗು. ಕೆಳಗೆ ಖಾಲಿ ಬಿಟ್ಟ ಜಾಗದಲ್ಲಿ ಎಂದಿನಂತೆ ಸ್ಥಳೀಯ ಚೀಟಿ ಅಂಟಿಸಿದ್ದರು. ದಿನಾಂಕದ ಕೆಳಗಿನ ಸಾಲು ಹೊಸದಾಗಿತ್ತು: 'ಡಚ್ ಅಕ್ಷರಗಳು ಚಿತ್ರದಲ್ಲೇ ಇವೆ. ನಡುವೆ ಯಾರ ಗಲಾಟೆಯೂ ಇಲ್ಲ.' ಬಾಗಿಲಲ್ಲಿ ಹಂಚುತ್ತಿದ್ದ ಕರಪತ್ರ ಅರ್ಧ ಕತೆ ಹೇಳಿ ನಾಲಿಗೆ ಕಚ್ಚಿಕೊಂಡಿತ್ತು: 'ನಾವಿಕ ಹೆಂಡತಿಗೆ ಬಿಟ್ಟುಹೋದ ಕಾಗದದಲ್ಲಿ ಏನಿತ್ತು? ಬಂದು ನೋಡಿ.'

ಯಂತ್ರ ನಡೆಸುವ ಯೋಸ್ಟ್ ಸುರುಳಿಯನ್ನು ಬೆಳಕಿಗೆ ಹಿಡಿದ. ಕತ್ತರಿಸಿದ ತುದಿಗಳನ್ನು ಅಂಟಿಸಿ ಸೇರಿಸಿದ ಪ್ರತಿ ಬೆಸುಗೆಯೂ ನವಿರು. ಚಿತ್ರದ ಒಂದು ಚೌಕವೂ ಹಾಳಾಗಿರಲಿಲ್ಲ.

"ಕತ್ತರಿ ಇವನದು, ಅಂಟು ಇವನದು. ಕರ್ಕೊಂಡು ಹೋಗೋಣ್ವಾ ಸರ್?" ಎಂದ ಪ್ಲಾಂಪ್.

"ಬೆಸುಗೆ ಬಿಟ್ಟಾಗೆಲ್ಲ ಬೈಗುಳ ತಿನ್ನೋನು ನಾನು ಕಣಯ್ಯ," ಎಂದ ಯೋಸ್ಟ್. "ನನ್ನ ತಲೆಗೆ ನಾನೇ ಕಲ್ಲು ಹಾಕ್ಕೊತೀನಾ?"

"ಕೋಣೆಯ ಕೀಲಿ?" ಎಂದ ಹೂಕ್‌ಸೆಮಾ.

"ಮೊಳೆಗೆ ನೇತುಹಾಕಿರ್ತೀನಿ. ಮಾಲೀಕರು, ಪಿಯಾನೋ ಬಾರಿಸೋ ಮಿನಾ, ಬಾರೆಂಡ್, ನಾನು. ಎಲ್ಲರಿಗೂ ಗೊತ್ತು."

ಮಿನಾ ಗುರುವಾರ ಸಂಜೆಯೆಲ್ಲ ಚರ್ಚಿನ ಹಾಡಿನ ಮೇಳದಲ್ಲಿದ್ದಳು, ಪಾದ್ರಿಯೇ ಸಾಕ್ಷಿ. ಯೋಸ್ಟ್‌ಗೆ ಹೆಂಡತಿಯೂ ಹೆಂಡದಂಗಡಿಯವನೂ ಸಾಕ್ಷಿ ಹೇಳಿದರು, ಬೇರೆ ಬೇರೆ ಕಾರಣಕ್ಕೆ. ಬಾರೆಂಡ್ ಕೇಳುವ ಮೊದಲೇ ಹೇಳಿಬಿಟ್ಟ: "ನಾನು ಪೋಸ್ಟರ್ ಅಂಟಿಸ್ತಾ ಇದ್ದೆ ಸಾಹೇಬ್ರೆ. ಒಬ್ಬನೇ." ಹೇಳಿದ್ದು ಹೂಕ್‌ಸೆಮಾನದೇ ಗೊಗ್ಗರು ದನಿಯಲ್ಲಿ. ಪ್ಲಾಂಪ್‌ಗೆ ಮತ್ತೆ ಕೆಮ್ಮು ಬಂತು.

ಮಧ್ಯಾಹ್ನದ ಪ್ರದರ್ಶನಕ್ಕೆ ಇಬ್ಬರೂ ಹಿಂದಿನ ಬೆಂಚಿನಲ್ಲಿ ಕುಳಿತರು. ಮುಂದಿನ ಸಾಲುಗಳಲ್ಲಿ ಹಡಗಿನ ಕೂಲಿಗಳು ಹೆಂಡತಿ ಮಕ್ಕಳ ಸಮೇತ ಕಿಕ್ಕಿರಿದಿದ್ದರು. ಬಾರೆಂಡ್ ಅತ್ತೆಯಾಗಿ ಗದರಿದ, ಸೊಸೆಯಾಗಿ ಬಿಕ್ಕಿದ, ಹಡಗಾಗಿ ಊದಿದ. ಕೊನೆಗೆ ಪರದೆಯ ಮೇಲೆ ನಾವಿಕನ ಹೆಂಡತಿ ಕಾಗದ ಬಿಚ್ಚಿದಳು.

"'ನನ್ನನ್ನ ಹುಡುಕಬೇಡ,'" ಎಂದ ಬಾರೆಂಡ್ ತಗ್ಗಿದ ದನಿಯಲ್ಲಿ. "'ಮೊಳೆ ಮೇಲಿರೋ ಹಸಿರು ಕೋಟು ಮಾರಿ ಮಗೂಗೆ ಬೂಟು ಕೊಡಿಸು.'"

ಸಭೆ ಮೂಗು ಒರೆಸಿಕೊಂಡಿತು. ಪ್ಲಾಂಪ್‌ನ ಕರವಸ್ತ್ರವೂ ಹೊರಬಂತು.

"ಪ್ಲಾಂಪ್, ಆ ಕೋಟು ಯಾವ ಬಣ್ಣ?"

"ಹಸಿರು ಸರ್."

"ಕಣ್ಣು ಒರೆಸ್ಕೊಂಡು ನೋಡಿ ಹೇಳು."

ಪ್ಲಾಂಪ್ ನೋಡಿದ. ಪರದೆಯ ಮೇಲೆ ಕೋಟು, ಗೋಡೆ, ಹೆಂಗಸು, ಆಕಾಶ ಎಲ್ಲವೂ ಬೂದಿ ಬಣ್ಣ. "ಹಾಗಾದ್ರೆ ಇವನಿಗೆ ಹೇಗೆ ಗೊತ್ತು ಸರ್?"

"ಕಟ್ಟಿ ಹೇಳಿರಬಹುದು. ಓದಿಯೂ ಇರಬಹುದು. ಕೇಳಿ ನೋಡೋಣ."

ಸಂಜೆ ನಾಲ್ಕಕ್ಕೆ ಬ್ರಸೆಲ್ಸ್‌ಗೆ ತಂತಿ ಹೋಯಿತು: ನಾವಿಕನ ಕಾಗದದಲ್ಲಿ ಬರೆದಿರುವುದೇನು? ಸೋಮವಾರ ಬೆಳಿಗ್ಗೆ ಬಂದ ಉತ್ತರದಲ್ಲಿ ಕೋಟೂ ಇತ್ತು, ಬೂಟೂ ಇತ್ತು. ಕೋಟು ಹಸಿರಾಗಿಯೇ ಇತ್ತು.

ಹನ್ನೊಂದಕ್ಕೆ ಮೀನಿನಂಗಡಿಯ ಮೇಲಿನ ಬಾರೆಂಡ್‌ನ ಕೋಣೆಯ ಶೋಧನೆ. ಪಂಚರಾಗಿ ಮನೆಯೊಡತಿಯೂ ಮೀನಿನವನೂ ನಿಂತರು. ಹುಡುಕುವ ಶ್ರಮ ಬೇಕಾಗಲಿಲ್ಲ. ಬಾರೆಂಡ್ ತಂತಿಯನ್ನು ಒಮ್ಮೆ ಓದಿ, ಕಪಾಟಿನಿಂದ ಬಿಸ್ಕತ್ತಿನ ಡಬ್ಬಿ ತೆಗೆದು ಮೇಜಿನ ಮೇಲಿಟ್ಟ. ಒಳಗೆ ಅಕ್ಷರದ ತುಂಡುಗಳು, ಒಂದೊಂದನ್ನೂ ತೆಳು ಕಾಗದದಲ್ಲಿ ಸುತ್ತಿ, ಕತೆಯ ಕ್ರಮದಲ್ಲೇ ಜೋಡಿಸಿಟ್ಟಿದ್ದ. ಪಂಚನಾಮೆ ಬರೆದು ಅವನನ್ನು ದಸ್ತಗಿರಿ ಮಾಡಲಾಯಿತು.

ಠಾಣೆಯಲ್ಲಿ ಪ್ರಶ್ನೆಗಳು ಚುಟುಕಾಗಿದ್ದವು.

"ಬೆಸುಗೆ ಎಲ್ಲಿ ಕಲಿತೆ?"

"ಜಾತ್ರೆಯ ಡೇರೆಯಲ್ಲಿ. ಆಗ ಯಂತ್ರ ತಿರುಗಿಸೋನೂ ನಾನೇ, ಮಾತಾಡೋನೂ ನಾನೇ."

"ಯಾಕೆ ಸುಡಲಿಲ್ಲ?"

"ಯಾರದೋ ಮಾತು ಸಾಹೇಬ್ರೆ. ಸುಡೋಕೆ ಮನಸ್ಸು ಬರಲಿಲ್ಲ. ಅದರಲ್ಲೂ ಆ ಹಸಿರು ಕೋಟು. ಅಷ್ಟು ಚೆನ್ನಾಗಿರೋದು ನನಗೆ ಹೊಳೀತಾನೂ ಇರಲಿಲ್ಲ. ಅದನ್ನ ಒಂದು ಸಲ ಹೇಳಲೇಬೇಕು ಅನ್ನಿಸ್ತು."

"ಸಂಬಳ ಕಡಿಮೆ ಮಾಡಿದ್ರಾ?"

"ಇಲ್ಲ. ಬಾಗಿಲಲ್ಲಿ ನಿಂತರೂ ಅಷ್ಟೇ ಕೊಡ್ತೀನಿ ಅಂದಿದ್ರು."

"ಮತ್ತೆ?"

ಬಾರೆಂಡ್ ತನ್ನ ಕೈ ನೋಡಿಕೊಂಡ. ಉಗುರ ಸಂದಿಯಲ್ಲಿ ಒಣಗಿದ ಅಂಟು ಇನ್ನೂ ಇತ್ತು. "ಎಂಟು ವರ್ಷ ಪೋಸ್ಟರ್ ಕೆಳಗಿನ ಚೀಟಿಯಲ್ಲಿ 'ವಿವರಣೆ: ಬಾರೆಂಡ್ ಶೌಟೆನ್' ಅಂತ ಇರ್ತಿತ್ತು. ಗುರುವಾರ 'ಗಲಾಟೆ' ಅಂತ ಅಚ್ಚು ಹಾಕಿಸಿದ್ರು. ಊರೆಲ್ಲ ಅಂಟಿಸಿಕೊಂಡು ಬಾ ಅಂತ ಅಂಟಿನ ಡಬ್ಬಿ, ಬ್ರಷ್ಷು ನನ್ನ ಕೈಗೇ ಕೊಟ್ಟರು. ಅಂಟಿಸಿದೆ. ವಾಪಸು ಬಂದು ಡಬ್ಬಿ ಇಡುವಾಗ ಕೀಲಿ ಕಾಣಿಸ್ತು."

ದೂರಿನಿಂದ ಹಿಡಿದು ತಪ್ಪೊಪ್ಪಿಗೆಯವರೆಗೆ ಹೇಳಿಕೆ ಬರೆದಾಯಿತು. ರುಜುವಿಗೆ ಮುಂಚೆ ಆರೋಪಿಗೆ ಓದಿ ಹೇಳಬೇಕು. ತಾನೇ ಓದುತ್ತೇನೆಂದು ಬಾರೆಂಡ್ ಕೇಳಿದ. ಹೂಕ್‌ಸೆಮಾ ತಡೆಯಲಿಲ್ಲ.

ಬಾರೆಂಡ್‌ನ ದನಿಯಲ್ಲಿ ಕೂಲ್ಸ್ ಹ್ಯಾಟು ಹಿಂಡುತ್ತ ಬಂದು ಗೋಳಾಡಿದ. ಯೋಸ್ಟ್ ಗುರುಗುಟ್ಟಿದ. ಇನ್‌ಸ್ಪೆಕ್ಟರ್ ಗೊಗ್ಗರು ದನಿಯಲ್ಲಿ ಪ್ರಶ್ನೆ ಕೇಳಿದ. ಪಕ್ಕದ ಕೋಣೆಯ ಪೇದೆಗಳು ಬಾಗಿಲಿಗೆ ಬಂದು ನಿಂತರು. ಪ್ಲಾಂಪ್ ಈ ಸಲ ಕೆಮ್ಮುವ ಗೋಜಿಗೂ ಹೋಗದೆ ನಕ್ಕ.

ಆಮೇಲೆ 'ಹೌದು, ನಾನೇ ಕತ್ತರಿಸಿದೆ' ಎಂಬ ಅವನದೇ ಸಾಲು ಬಂತು.

ಬಾರೆಂಡ್ ಬಾಯಿ ತೆರೆದ. ಗಂಟಲು ಸರಿಮಾಡಿಕೊಂಡ. ಯಾವುದೋ ಒಂದು ದನಿ ಹಿಡಿಯಲು ಹೋಗಿ ಬಿಟ್ಟ, ಇನ್ನೊಂದನ್ನು ಹಿಡಿದು ಅದನ್ನೂ ಬಿಟ್ಟ. ಕೊನೆಗೆ ಹಾಳೆಯನ್ನು ಮೇಜಿನ ಆಚೆಗೆ ತಳ್ಳಿದ.

"ಇದೊಂದನ್ನ ನೀವೇ ಓದಿಬಿಡಿ ಸಾಹೇಬ್ರೆ," ಎಂದ.

ಹೂಕ್‌ಸೆಮಾ ಓದಿದ, ತನ್ನ ಮಾಮೂಲಿ ದನಿಯಲ್ಲಿ, ಅಲ್ಪವಿರಾಮ ಇದ್ದಲ್ಲಿ ನಿಲ್ಲುತ್ತ. ಬಾರೆಂಡ್ ಕೈಕಟ್ಟಿಕೊಂಡು, ಮುಂದಿನ ಬೆಂಚಿನ ಪ್ರೇಕ್ಷಕನಂತೆ, ಕೊನೆಯವರೆಗೂ ಕೇಳಿದ.